ಕೆನ್ಮೋರಿನ ನಿಶ್ಶಸ್ತ್ರೀಕರಣ

2016ರ ಮಾರ್ಚಿನಲ್ಲಿ ಅಮೆರಿಕದ ಕೆನ್ಮೋರಿನ ನಮ್ಮ ಮನೆಯಲ್ಲಿ ಸರ್ಕಾರ ಸ್ಥಾಪನೆಯಾಯಿತು. ಸ್ಕಾಟ್ಲೆಂಡಿನ ಗುಡ್ಡಗಾಡಿನ ಕುಲಗಳು 1745ರಲ್ಲಿ ದಂಗೆಯೆದ್ದು ಸೋತವು. ಸರ್ಕಾರ ಅವರ ಕತ್ತಿ, ಕೋವಿ, ಕೊನೆಗೆ ಚೌಕಳಿ ಬಟ್ಟೆಯನ್ನೂ ಕಿತ್ತುಕೊಂಡಿತು. ಇದು ನನ್ನ ಮಗಳು ಮಧುರಾಳ ಶಾಲೆಯ ನಾಟಕ. ಅವಳು ಸರ್ಕಾರಿ ಅಧಿಕಾರಿ. ಅಭ್ಯಾಸಕ್ಕೊಂದು ಕುಲ ಬೇಕಿತ್ತು. ಬಾಗಲಕೋಟೆಯಿಂದ ಬಂದಿದ್ದ ನನ್ನ ಅವ್ವ ಚನ್ನಬಸಮ್ಮ ಕುಲವಾದಳು.

ನನಗೂ ಇದು ಅನುಕೂಲವೇ. ಅವ್ವ ಸೂಟ್‌ಕೇಸಿನಲ್ಲಿ ಈಳಿಗೆ ತಂದಿದ್ದಳು. ನೆಲದ ಮೇಲೆ ಕೂತು ಅದರಲ್ಲಿ ಹೆಚ್ಚಿದರೇ ಅವಳಿಗೆ ಬದನೆಕಾಯಿ ಬದನೆಕಾಯಿ. ಆ ಅಲಗಿಗೆ ನನ್ನ ಕಾಲ್ಬೆರಳು ಎರಡು ಸಲ ಬಲಿಯಾಗಿತ್ತು. ಅದನ್ನು ಒಳಗಿಡು ಎಂದು ಮೂರು ತಿಂಗಳಿಂದ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆಗರೆದಂತಾಗಿತ್ತು.

ನಾನು ಅವ್ವನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹಿಂದಿನ ವಾರ ಪ್ರಮಾಣವಚನ ತೆಗೆದುಕೊಂಡು ಅಮೆರಿಕದ ಪ್ರಜೆಯಾಗಿದ್ದೆ. ಪೌರತ್ವದ ಪತ್ರ ಗರಾಜಿನ ಟೂಲ್‌ಬಾಕ್ಸಿನಲ್ಲಿತ್ತು. "ಕಡೀಕ ಊರಿಗೆ ಬರ್ತೀಯಲ್ಲ?" ಎಂದು ಅವ್ವ ಕೇಳಿದಾಗಲೆಲ್ಲ "ಹೂಂ" ಎನ್ನುತ್ತಿದ್ದೆ. ಹೇಳುವ ಧೈರ್ಯ ನನಗಿರಲಿಲ್ಲ.

"ಸರೆಂಡರ್ ಯುವರ್ ವೆಪನ್ಸ್," ಎಂದಳು ಮಧುರಾ.

ಅವ್ವ ಹಿಡಿ ಮುರಿದ ಚಾಕು ಕೊಟ್ಟಳು.

"ಇಷ್ಟ ಏನು?" ಎಂದೆ.

"ಇಷ್ಟ."

ಮನೆಯೆಲ್ಲ ಜಾಲಾಡಿದೆವು. ಈಳಿಗೆ ಸಿಗಲಿಲ್ಲ. ಗುಡ್ಡಗಾಡಿನವರೂ ತುಕ್ಕು ಹಿಡಿದದ್ದನ್ನು ಒಪ್ಪಿಸಿ ಒಳ್ಳೆಯದನ್ನು ಹುಲ್ಲಿನ ಚಾವಣಿಯಲ್ಲಿ ಮುಚ್ಚಿಡುತ್ತಿದ್ದರಂತೆ. ಅವ್ವ ಆ ಪಾಠ ಓದಿದವಳಲ್ಲ.

ಅದಕ್ಕೇ ಸರ್ಕಾರ ಆಣೆ ಹಾಕಿಸತೊಡಗಿತಂತೆ. ಮಧುರಾ ಇಂಗ್ಲಿಷಿನಲ್ಲಿ ಓದಿದಳು, ನಾನು ಕನ್ನಡಕ್ಕೆ ತಿರುಗಿಸಿದೆ. ಅವ್ವನ ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟೆ. ಅದು ಪಾಠದಲ್ಲಿರಲಿಲ್ಲ, ನನ್ನ ಕಿತಾಪತಿ. ಮಕ್ಕಳ ತಲೆ ಮುಟ್ಟಿ ಅವ್ವ ಸುಳ್ಳಾಡುವವಳಲ್ಲ.

"ನನ್ನ ಹತ್ರ ಆಯುಧ ಇದ್ರ, ನನ್ನ ಮಕ್ಕಳ ಮಾರಿ ಮತ್ತ ನಾ ನೋಡದಂಗ ಆಗ್ಲಿ," ಎಂದು ಹೇಳಿಕೊಟ್ಟೆ.

ಅವ್ವ ಸರಕ್ಕನೆ ಕೈ ತೆಗೆದಳು. ಒಳಗೆ ಹೋಗಿ, ಸೋನಾ ಮಸೂರಿಯ ಚೀಲದೊಳಗಿಂದ ಈಳಿಗೆ ತೆಗೆದು ತಂದು ನನ್ನ ಮುಂದಿಟ್ಟಳು. ಅಲಗಿಗೆ ಅಕ್ಕಿಕಾಳು ಅಂಟಿದ್ದವು. ಗೆದ್ದೆ ಎಂದುಕೊಂಡೆ.

"ದೇರ್ಸ್ ಮೋರ್, ಡ್ಯಾಡಿ," ಎಂದು ಮಧುರಾ ಮುಂದಿನ ಸಾಲು ಓದಿದಳು.

"ಪರದೇಶದಾಗ ಸತ್ತು, ಹಿರ್ಯಾರ ಗೋರಿಗಳಿಂದ ದೂರ..." ಎಂದವನು ನಿಂತೆ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರಿನ ಹೊಲದಲ್ಲಿ ಅಪ್ಪನ ಪಕ್ಕದ ಜಾಗ ಅವ್ವನದು, ಅದರಾಚೆಯದು ನನ್ನದು.

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮಧುರಾಳ ತಲೆಯ ಮೇಲಿಟ್ಟಳು.

"ನೀ ಏನ್ ಮುಚ್ಚಿಟ್ಟೀಯೋ, ಶಶಿಕಾಂತ?"

ನಾನು ಕೈ ತೆಗೆದು ಗರಾಜಿಗೆ ಹೋದೆ.