ಟೆಂಟಿಗೆ ಅಂಟಿ ಬಂದ ಮಣ್ಣು

ಸುಹಾನಾ ಟೆಂಟಿನ ಒಳಮೈಯನ್ನು ಹೊರಗೆ ಮಾಡಿ ತಂತಿಯ ಮೇಲೆ ಹರವಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಅದರ ಜಿಪ್ಪನ್ನು ತಿಕ್ಕುತ್ತಿದ್ದಳು. ಮೊದಲು ಒಣ ಬ್ರಶ್ಶು, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಮೇಣದ ಬತ್ತಿಯ ತುಂಡು. ಗೋಡೌನಿನ ಹಿಂದಿನ ಜಗಲಿಯಲ್ಲಿ ಅವಳ ತಾಯಿ ಐಸಮ್ಮ ಶಾಮಿಯಾನದ ಜಾಲರಿಗೆ ಅಂಚು ಹೊಲಿಯುತ್ತಿದ್ದರು. ಜಿಪ್ಪಿನಿಂದ ಉದುರಿದ ಮರಳನ್ನು ಸುಹಾನಾ ಅಂಗೈಗೆ ಹಾಕಿಕೊಂಡು ನೋಡಿದಳು, ಬೆರಳಲ್ಲಿ ಉಜ್ಜಿದಳು, ಊದಿಬಿಟ್ಟಳು.

ಉಪ್ಪಿನಂಗಡಿ ಪೇಟೆಯಲ್ಲಿ ಅವಳ ತಂದೆ ಸಲಾಮರ ಶಾಮಿಯಾನ ಬಾರದೆ ಮದುವೆಯ ಚಪ್ಪರವೇ ಏಳುವುದಿಲ್ಲ ಎನ್ನುವ ಕಾಲವೊಂದಿತ್ತು. ಈಗ ಊರಿಗೊಂದು ಮದುವೆ ಹಾಲ್ ಆಗಿದೆ. ಕುರ್ಚಿಯಿಂದ ಹಿಡಿದು ಕೈತೊಳೆಯುವ ನಲ್ಲಿಯವರೆಗೆ ಎಲ್ಲವೂ ಅಲ್ಲೇ ಸಿಗುತ್ತದೆ. ಎರಡು ವರ್ಷದ ಹಿಂದೆ ಸಲಾಂ ಮಂಗಳೂರಿಗೆ ಹೋಗಿ, ಹೊರಗೆ ಕ್ಯಾಂಪ್ ಹಾಕುವವರಿಗೆಂದು ಇಪ್ಪತ್ತು ಟೆಂಟು ತಂದು ಬಾಡಿಗೆಗೆ ಇಟ್ಟರು. ಸಲಾಂ ಮದುವೆ ಬಿಟ್ಟು ಸರ್ಕಸ್ ಕಂಪೆನಿ ಸೇರಿದ ಎಂದು ಪೇಟೆಯವರು ನಕ್ಕರು. ಕಾಲೇಜಿನ ಹುಡುಗರು, ಬ್ಯಾಂಕಿನವರು, ಅಪರೂಪಕ್ಕೊಂದು ಸಂಸಾರ, ಹೀಗೆ ಎರಡು ಮೂರು ಟೆಂಟು ಹೋಗಿ ಬರುತ್ತಿದ್ದವು. ಇಪ್ಪತ್ತೂ ಒಟ್ಟಿಗೆ ಹೊರಗೆ ಹೋದ ದಿನವೇ ಇರಲಿಲ್ಲ. ಬರುವ ಬೇಸಿಗೆಯೂ ಹೀಗೇ ಕಳೆದರೆ ಎಲ್ಲವನ್ನೂ ಮಾರಿಬಿಡುವುದೇ ಸೈ ಎಂದು ಅವರು ಮೊನ್ನೆ ಊಟದ ಹೊತ್ತಿಗೆ ಹೇಳಿದ್ದರು. ಹೇಳಿದ್ದು ಐಸಮ್ಮನಿಗೆ, ತಟ್ಟಿದ್ದು ಸುಹಾನಾಳಿಗೆ.

ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದಾಗಲೆಲ್ಲ ಗೊತ್ತಿದ್ದದ್ದೂ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಒಂಬತ್ತನೆಯ ಕ್ಲಾಸಿನ ಅರ್ಧದಲ್ಲಿ ಬಿಟ್ಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಉಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ವರ್ಷಗಳು ಕಳೆದವು. ಟೆಂಟುಗಳು ಬಂದ ಮೇಲೆ ಅವಳಿಗೆ ತನ್ನದು ಎನ್ನುವ ಒಂದು ಕೆಲಸ ಸಿಕ್ಕಿತು. ತೊಳೆಯುವುದು, ಒಣಗಿಸುವುದು, ಹರಿದದ್ದನ್ನು ಹೊಲಿಯುವುದು, ಮಡಚಿ ಚೀಲಕ್ಕೆ ತುಂಬಿ ಬಾಯಿಗೆ ತನ್ನದೇ ರೀತಿಯ ಗಂಟು ಹಾಕಿಡುವುದು, ಎಲ್ಲವೂ ಅವಳದ್ದೇ. ಟೆಂಟು ಹೋದ ಜಾಗಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ. ಆದರೆ ಹಿಂದಿರುಗಿ ಬಂದ ಟೆಂಟಿನ ತಳವೇ ಆ ಜಾಗದ ವಿಷಯ ಹೇಳುತ್ತಿತ್ತು. ಒಂದೇ ಮೂಲೆ ಕಪ್ಪಾಗಿದ್ದರೆ ನೆಲ ಆ ಕಡೆಗೆ ಇಳಿಜಾರು. ಸಾಲಾಗಿ ಸಣ್ಣ ತೂತುಗಳಿದ್ದರೆ ಗೆದ್ದಲು. ಗೂಟ ಬಗ್ಗಿ ಬಂದರೆ ಅಡಿಯಲ್ಲಿ ಗಟ್ಟಿ ಕೆಂಪು ಮುರಕಲ್ಲು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆ ಆದಿತ್ಯವಾರ ಮಂಗಳೂರಿನಿಂದ ವಿಷ್ಣುಪ್ರಸಾದ್ ಎನ್ನುವವರು ಜಾಗ ನೋಡಲು ಬರುವವರಿದ್ದರು. ಅವರದ್ದು ಹದಿನಾರು ಸಂಸಾರಗಳ ಒಂದು ಗುಂಪು. ಇಬ್ಬರ ಬಳಿ ಒಳಗೇ ಹಾಸಿಗೆ, ಒಲೆ, ಸಿಂಕು ಇರುವ ಕ್ಯಾರವಾನ್ ವ್ಯಾನು ಇತ್ತು. ಉಳಿದವರಿಗೆಲ್ಲ ಟೆಂಟು ಬೇಕಿತ್ತು. ಮಂಗಳೂರಿನಿಂದ ಎರಡು ಗಂಟೆಯೊಳಗೆ ತಲಪುವ ಒಂದು ಜಾಗ ನಿಶ್ಚಯವಾದರೆ ಜನವರಿಯಿಂದ ಏಪ್ರಿಲ್‌ವರೆಗೆ ಎರಡು ವಾರಕ್ಕೊಮ್ಮೆ ಬರುತ್ತಾರಂತೆ. ದೊಡ್ಡ ಸಂಸಾರಗಳಿಗೆ ಎರಡೆರಡು ಸೇರಿ ಇಪ್ಪತ್ತು ಟೆಂಟೂ ಸಲಾಮರದ್ದೇ. ಜಾಗ ಹಿಡಿಸದಿದ್ದರೆ ಘಟ್ಟದ ಮೇಲೆ ಬೇರೆ ಯಾರೋ ಕರೆಯುತ್ತಿದ್ದಾರಂತೆ. ಗೂಟ ಹೊಡೆಯಲು ಜೊತೆಗೆ ಹೋಗುತ್ತಿದ್ದ ಕುಂಞಿ ಮೋನು ಅಂದು ಒಂದು ಗೃಹಪ್ರವೇಶದ ಚಪ್ಪರಕ್ಕೆ ಹೋಗಿದ್ದ. ಒಂದು ಟೆಂಟಾದರೂ ಹಾಕಿ ತೋರಿಸಬೇಕು, ಅದಕ್ಕೆ ಎರಡು ಜೊತೆ ಕೈ ಬೇಕು. ಸಲಾಂ ಗೋಡೌನಿನ ಸುತ್ತ ನೋಡಿದರು. ಕಂಡದ್ದು ಮಗಳು. ನೀನು ಆ ಕಡೆಯ ಕಂಬಿ ಹಿಡಿದರೆ ಸಾಕು ಎಂದು ಪಿಕಪ್ ಹತ್ತಿಸಿಕೊಂಡರು. ಮಾತಾಡುವ ಅಗತ್ಯವಿಲ್ಲ ಎನ್ನುವುದೂ ಅದರಲ್ಲೇ ಬಂತು.

ಮೊದಲ ಜಾಗ ಕೆದಂಬಾಡಿಯಲ್ಲಿ, ಗಿರಿಧರ ಎನ್ನುವವರ ಅಡಿಕೆ ತೋಟದ ಬದಿಯಲ್ಲಿತ್ತು. ಹಿಂದೆ ಗದ್ದೆಯಾಗಿದ್ದ ನೆಲ, ಹಾಸಿಟ್ಟ ಚಾಪೆಯ ಹಾಗೆ ಸಮತಟ್ಟು. ವಿಷ್ಣುಪ್ರಸಾದರ ಹೆಂಡತಿ ಗಾನಶ್ರೀ ತಾವು ಬಂದಿದ್ದ ಕ್ಯಾರವಾನ್ ವ್ಯಾನಿನ ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ನೋಡಿ, ಒಂದು ಕೂದಲಿನಷ್ಟೂ ಓರೆಯಿಲ್ಲ ಎಂದರು. ಗಂಡನಿಗೂ ಖುಷಿಯಾಯಿತು. ಸಲಾಂ ಮೀಸೆಯಡಿಯಲ್ಲೇ ನಕ್ಕರು.

ಸುಹಾನಾ ಕಂಬಿ ಹಿಡಿದುಕೊಂಡು ತೋಟದ ಅಂಚನ್ನು ನೋಡುತ್ತಿದ್ದಳು. ಕಳೆದ ಫೆಬ್ರವರಿಯಲ್ಲಿ ಇಲ್ಲಿಂದ ಬಂದ ಮೂರು ಟೆಂಟುಗಳ ಮೇಲೆ ಬಿಳಿ ಬಿಳಿ ಚುಕ್ಕೆಗಳಿದ್ದವು. ಒಂದೇ ಬದಿಗೆ, ಸೊಂಟದ ಎತ್ತರದವರೆಗೆ. ಎಷ್ಟು ತಿಕ್ಕಿದರೂ ಹೋಗದೆ ಕೊನೆಗೆ ಹುಣಸೆಹುಳಿ ಹಚ್ಚಿ ತೆಗೆದಿದ್ದಳು. ಏನೆಂದು ಅವತ್ತು ಹೊಳೆದಿರಲಿಲ್ಲ. ಈಗ ಅಡಿಕೆ ಮರಗಳ ನಡುವೆ ಮೊಣಕಾಲೆತ್ತರದ ಪೈಪುಗಳೂ ಅವುಗಳ ತಲೆಯ ಮೇಲೆ ನೀರು ಚಿಮ್ಮಿಸುವ ಹಿತ್ತಾಳೆಯ ಜೆಟ್ಟುಗಳೂ ಕಂಡವು. ಕಡೆಯ ಸಾಲಿನದ್ದು ನೇರ ಇತ್ತಲೇ ಮುಖ ಮಾಡಿತ್ತು. ಆ ಚುಕ್ಕೆಗಳು ಇದರ ನೀರು ಒಣಗಿದ ಕಲೆ. ಉಪ್ಪ ಎಂದು ಕರೆಯಬೇಕೆನಿಸಿತು. ಎಲ್ಲರೂ ಎಷ್ಟು ಸಂತೋಷದಲ್ಲಿ ಮಾತಾಡುತ್ತಿದ್ದರೆಂದರೆ, ಅದರ ನಡುವೆ ಬಾಯಿ ಹಾಕಲು ಅವಳಿಗೆ ಸಂದೇ ಸಿಗಲಿಲ್ಲ. ಸಂದು ಸಿಕ್ಕಿದ್ದರೂ ಹಾಕುತ್ತಿದ್ದಳೋ ಇಲ್ಲವೋ.

ಪಂಪಿನ ಶೆಡ್ಡಿನಲ್ಲಿ ಟಕ್ ಎಂದಿತು. ತ್ರೀ ಫೇಸ್ ಕರೆಂಟು ಬಂದು, ಯಾರೂ ಮುಟ್ಟದೆ ಪಂಪು ತಾನಾಗಿ ಹೊರಟಿತು. ಪೈಪುಗಳು ಒಮ್ಮೆ ಕೆಮ್ಮಿದವು. ಮರುಕ್ಷಣ ಜೆಟ್ಟುಗಳೆಲ್ಲ ತಿರುಗಿ ಟೆಂಟು, ಸಲಾಮರ ನೀಲಿ ಅಂಗಿ, ಗಾನಶ್ರೀಯವರ ಚಪ್ಪಲಿ, ಬಾಗಿಲು ತೆರೆದಿಟ್ಟ ಕ್ಯಾರವಾನಿನ ಹಾಸಿಗೆ, ಒಂದನ್ನೂ ಬಿಡದೆ ನೆನೆಸಿದವು. ಗಿರಿಧರ ಪಂಚೆ ಎತ್ತಿಕೊಂಡು ಶೆಡ್ಡಿಗೆ ಓಡಿದರು.

"ಈ ಕರೆಂಟಿಗೆ ಮನೆಗೆ ನೆಂಟರು ಬಂದದ್ದು ಗೊತ್ತಾಗುದು ಹೇಗೆ ಮಾರಾಯ್ರೆ? ಈ ವಾರ ಪಾಳಿ ಬದಲಾದ್ದು ನನಗೇ ಮರ್ತುಹೋಯ್ತು."

ವಿಷ್ಣುಪ್ರಸಾದ್ ಕನ್ನಡಕ ಒರೆಸಿಕೊಳ್ಳುತ್ತಾ, "ಟೆಂಟಿನ ಒಟ್ಟಿಗೆ ಸ್ನಾನವೂ ಉಂಟು ಅಂತ ನೀವು ಹೇಳ್ಲೇ ಇಲ್ಲ, ಸಲಾಮಣ್ಣ" ಎಂದರು. ನಗೆಯೇನೋ ಇತ್ತು. ಆದರೆ ಹಾಸಿಗೆಯನ್ನು ಬಿಸಿಲಿಗೆ ಹಾಕುವಾಗ ಅವರು ಹೆಂಡತಿಯ ಬಳಿ ಘಟ್ಟದ ಮೇಲಿನ ಜಾಗದ ಹೆಸರು ಎತ್ತಿದ್ದು ಸುಹಾನಾಳ ಕಿವಿಗೆ ಬಿತ್ತು. ತನಗೆ ಗೊತ್ತಿತ್ತು, ತಾನು ಹೇಳಲಿಲ್ಲ ಎನ್ನುವುದು ಪುತ್ತೂರು ದಾಟುವವರೆಗೂ ಅವಳ ಎದೆಯೊಳಗೆ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಎರಡನೆಯ ಜಾಗ ಕಡಬದ ಕಡೆ ಕುಮಾರಧಾರೆಯ ದಡ. ಸಲಾಂ ಮನಸ್ಸಿಟ್ಟಿದ್ದದ್ದು ಇದರ ಮೇಲೆಯೇ. ಬಿಳಿ ಮರಳು, ತಿಳಿ ನೀರು, ಫೋಟೋ ತೆಗೆದರೆ ಕ್ಯಾಲೆಂಡರಿನ ಹಾಗೆ ಬರುತ್ತಿತ್ತು. ವ್ಯಾನು ನಿಲ್ಲಿಸಲು ಗಟ್ಟಿ ನೆಲವೂ ಪಕ್ಕದಲ್ಲೇ ಇತ್ತು. ವಿಷ್ಣುಪ್ರಸಾದ್ ಇಳಿದವರೇ ಹೊಳೆಯ ಕಡೆ ನಡೆದು, ಇದೇ ಆಗಬಹುದು ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಸಲಾಮರ ಮುಖದಲ್ಲಿ ಬಣ್ಣ ಮರಳಿತು. ಟೆಂಟಿನ ಚೀಲ ಬಿಚ್ಚಲು ಬಗ್ಗಿದರು.

"ಇಲ್ಲಿ ಬೇಡ" ಎಂದಳು ಸುಹಾನಾ.

ಟೆಂಟಿನ ಕಂಬಿಯೇ ಮಾತಾಡಿತೇನೋ ಎನ್ನುವ ಹಾಗೆ ಸಲಾಂ ತಿರುಗಿ ನೋಡಿದರು. ಸುಮ್ಮನಿರು ಎಂದು ಅವರು ಕಣ್ಣಲ್ಲಿ ಹೇಳುವ ಮೊದಲೇ ಗಾನಶ್ರೀ, ಯಾಕೆ ಎಂದು ಕೇಳಿಬಿಟ್ಟರು. ಸುಹಾನಾ ಅವರೊಬ್ಬರನ್ನೇ ನೋಡುತ್ತಾ ಹೇಳಿದಳು.

"ಇಲ್ಲಿಂದ ಆ ಸಣ್ಣ ಟೆಂಟು ಗಂಟು ಬಿಚ್ಚದೆ ವಾಪಸ್ ಬರ್ತದೆ. ನಾಲ್ಕು ಸಲವೂ ಹಾಗೇ. ನಾನು ಹಾಕಿದ ಗಂಟು ನನಗೆ ಗೊತ್ತಾಗ್ತದೆ."

ಸಣ್ಣ ಟೆಂಟು ಎಂದರೆ ಒಬ್ಬರು ನಿಲ್ಲುವಷ್ಟು ಅಗಲದ ಉದ್ದನೆಯ ಟೆಂಟು. ಸ್ನಾನಕ್ಕೆ, ಬಯಲಿಗೆ ಹೋಗುವವರ ಮರೆಗೆ ಎಂದು ಸಲಾಂ ಎಲ್ಲರಿಗೂ ಕೊಟ್ಟು ಕಳಿಸುತ್ತಿದ್ದರು. ವಿಷ್ಣುಪ್ರಸಾದರಿಗೆ ತಲೆಬುಡ ತಿಳಿಯಲಿಲ್ಲ. ಗಾನಶ್ರೀ ಮಾತ್ರ ನಿಂತಲ್ಲೇ ಒಂದು ಸುತ್ತು ತಿರುಗಿದರು. ಮೇಲೆ ಸೇತುವೆ, ಅದರ ಮೇಲೆ ನಿಧಾನವಾಗಿ ಹೋಗುವ ಬಸ್ಸು. ಆಚೆ ದಡದಲ್ಲಿ ಗಾಳ ಹಾಕಿ ಕುಳಿತ ನಾಲ್ಕು ಗಂಡಸರು, ಜೀಪು ತೊಳೆಯುತ್ತಿದ್ದ ಇನ್ನಿಬ್ಬರು. ಈಚೆ ಒಂದು ಪೊದೆಯೂ ಇಲ್ಲದ ಮರಳು. ಇಲ್ಲಿ ಆ ಟೆಂಟು ನಿಲ್ಲಿಸಿದರೆ ಅದರೊಳಗೆ ಯಾರು ಯಾವಾಗ ಹೋದರು ಎನ್ನುವುದಕ್ಕೆ ಊರೇ ಸಾಕ್ಷಿ.

"ಇವಳು ಹೇಳಿದ್ದು ಅರ್ಥ ಆಯ್ತಾ ನಿಮಗೆ?" ಎಂದು ಗಾನಶ್ರೀ ಗಂಡನನ್ನು ಕೇಳಿದರು. "ಇಲ್ಲಿ ಉಳಿದ ಹೆಂಗಸರು ಬೆಳಗಾಗುವವರೆಗೆ ನೀರೇ ಕುಡಿದಿರ್ಲಿಕ್ಕಿಲ್ಲ."

ಸಲಾಂ ಚೀಲವನ್ನು ಮರಳಿನ ಮೇಲೆ ಇಟ್ಟುಬಿಟ್ಟರು. ಗಾನಶ್ರೀ ಹತ್ತಿರ ಬಂದು, ಹಾಗಾದರೆ ಎಲ್ಲಿ ಆಗಬಹುದು, ನೀನೇ ಹೇಳು ಎಂದರು. ಸುಹಾನಾ ಇಚಿಲಂಪಾಡಿ ಎಂದಳು. ಮೂರನೆಯ ಜಾಗ ಅದೇ ಆಗಿತ್ತು. ಲೆಕ್ಕಕ್ಕೆ ಇರಲಿ ಎಂದು ಸಲಾಂ ಸೇರಿಸಿದ್ದ ಜಾಗ. ಅಲ್ಲಿ ಹೊಳೆ ಕಾಣುವುದಿಲ್ಲ, ಬರೇ ಮುಳಿಹುಲ್ಲಿನ ಗುಡ್ಡೆ, ಗೂಟವೆಲ್ಲ ಬಗ್ಗಿಹೋಗುತ್ತದೆ, ಅಲ್ಲಿಗೆ ಹೋದ ಗಿರಾಕಿಗಳಿಗೆ ಹೊತ್ತು ಗೊತ್ತೆನ್ನುವುದೇ ಇಲ್ಲ ಎಂದು ಅವರು ಅಡ್ಡ ಬಂದರು.

"ಅದೇ ಉಪ್ಪ" ಎಂದಳು ಸುಹಾನಾ. "ಅಲ್ಲಿಂದ ಟೆಂಟು ಯಾವಾಗ್ಲೂ ಒಂದು ದಿನ ತಡ ಮಾಡಿಯೇ ಬರುದು."

"ವಾಪಸ್ ಹೊರಡ್ಲಿಕ್ಕೆ ಮನಸ್ಸಾಗುದಿಲ್ಲ ಅಂತಲಾ?" ಎಂದು ವಿಷ್ಣುಪ್ರಸಾದ್ ಕೇಳಿದರು.

"ಅದು ನನಗೆ ಗೊತ್ತಿಲ್ಲ. ತಡ ಆಗುದು ಅಲ್ಲಿಂದ ಮಾತ್ರ."

ವಿಷ್ಣುಪ್ರಸಾದ್ ವ್ಯಾನಿನ ಕೀ ತೆಗೆದರು.

ಇಚಿಲಂಪಾಡಿಯ ಗುಡ್ಡೆಯ ಒಡೆಯ ಪರಮೇಶ್ವರಣ್ಣ ಕೈಯಲ್ಲಿ ಬೆಲ್ಲ ನೀರು ಹಿಡಿದುಕೊಂಡೇ ಎದುರು ಬಂದರು. ದಾರಿಯ ತಿರುವಿನಲ್ಲಿ ವ್ಯಾನು ಎರಡು ಸಲ ಹಿಂದೆ ಹೋಗಿ ಮುಂದೆ ಬರಬೇಕಾಯಿತು. ಅದನ್ನು ಬಿಟ್ಟರೆ ಹತ್ತಿತು. ಹಿಂದೆ ಅನಾನಸು ಹಾಕಿದ್ದ ಮೂರು ತಟ್ಟುಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇದ್ದವು. ಕೆಳಗಿನ ತಟ್ಟು ವ್ಯಾನುಗಳಿಗೆ, ಮೇಲಿನೆರಡು ಟೆಂಟುಗಳಿಗೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬದಿಯಲ್ಲಿ ಹಲಸು, ರೆಂಜ, ಕಾಡುಮಾವು ದಟ್ಟವಾಗಿ ನಿಂತು ಬೇಕಾದಷ್ಟು ಮರೆ ಕೊಟ್ಟಿದ್ದವು. ಗುಡ್ಡೆಗೆ ಅಡ್ಡಲಾಗಿ ಕೊರೆದ ಹಳೆಯ ಸುರಂಗದಿಂದ ನೀರು ಪೈಪಿನಲ್ಲಿ ತಾನಾಗಿ ಇಳಿದು ಬಂದು ತೊಟ್ಟಿಗೆ ಬೀಳುತ್ತಿತ್ತು. ಪಂಪು ಎಲ್ಲಿದೆ ಎಂದು ವಿಷ್ಣುಪ್ರಸಾದ್ ತುಸು ಗಾಬರಿಯಿಂದಲೇ ಕೇಳಿದರು.

"ಪಂಪು ಎಂತಕ್ಕೆ?" ಎಂದರು ಪರಮೇಶ್ವರಣ್ಣ. "ನನ್ನ ಅಜ್ಜ ಕೊರೆಸಿದ್ದು. ಕರೆಂಟು ಬರುವ ಮೊದಲೇ ಇದಕ್ಕೆ ಬೀಳ್ಲಿಕ್ಕೆ ಗೊತ್ತಿತ್ತು."

ಫೋನಿಗೆ ಸಿಗ್ನಲ್ ಒಂದೇ ಗೆರೆ. ಮಕ್ಕಳು ಗಲಾಟೆ ಮಾಡುತ್ತಾರೆ ಎಂದು ಗಾನಶ್ರೀ ಹೇಳಿದರು. ಹೇಳಿ, ಮರಗಳ ಹಿಂದೆ ಒಂದು ಸುತ್ತು ಹೋಗಿ ಬಂದು, ನೆರಳಲ್ಲಿ ಕೂತು ಕಾಲು ಚಾಚಿದರು. ಏಳುವ ಅವಸರ ಅವರಲ್ಲಿ ಕಾಣಲಿಲ್ಲ.

ಸಲಾಂ ಮೊದಲ ಗೂಟಕ್ಕೆ ಸುತ್ತಿಗೆ ಹಾಕಿದರು. ಟಂಗ್ ಎಂದು ಗೂಟ ಬಗ್ಗಿತು. ಎರಡನೆಯದೂ ಬಗ್ಗಿತು. ನಾನು ಹೇಳಲಿಲ್ಲವೇ ಎನ್ನುವ ಹಾಗೆ ಅವರು ಸುತ್ತಿಗೆ ಕೆಳಗಿಟ್ಟು ಕೂತರು. ಸುಹಾನಾ ಪಿಕಪ್ಪಿಗೆ ಹೋಗಿ ನಾಲ್ಕು ಖಾಲಿ ಕ್ಯಾನು ತಂದು, ತೊಟ್ಟಿಯಲ್ಲಿ ನೀರು ತುಂಬಿ, ಟೆಂಟಿನ ನಾಲ್ಕು ಹಗ್ಗಗಳನ್ನು ಅವುಗಳ ಹಿಡಿಗೆ ಬಿಗಿದಳು. ಸಿಮೆಂಟಿನ ಅಂಗಳದಲ್ಲಿ ಶಾಮಿಯಾನ ಹಾಕುವಾಗ ಅವಳ ಉಪ್ಪ ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದದ್ದೂ ಇದನ್ನೇ. ವಿಷ್ಣುಪ್ರಸಾದ್ ಬಂದು ಟೆಂಟನ್ನು ಹಿಡಿದು ಅಲುಗಾಡಿಸಿದರು. ಅದು ಕದಲಲಿಲ್ಲ.

"ವಿದ್ಯೆ ನನ್ನದು" ಎಂದರು ಸಲಾಂ, ಯಾರನ್ನೂ ನೋಡದೆ. "ಟೆಂಟಿಗೂ ಆಗ್ತದೆ ಅಂತ ಹೊಳೆದದ್ದು ಇವಳಿಗೆ."

ಜನವರಿಯ ಮೊದಲ ಶನಿವಾರ ಹದಿನಾರು ಸಂಸಾರ, ಇಪ್ಪತ್ತು ಟೆಂಟು, ಎರಡು ಕ್ಯಾರವಾನ್ ಎಂದು ಅಲ್ಲೇ ನಿಶ್ಚಯವಾಯಿತು. ಹೊರಡುವಾಗ ವಿಷ್ಣುಪ್ರಸಾದ್ ಇನ್ನೊಂದು ಮಾತು ತೆಗೆದರು. ಪ್ರತಿ ಸಲವೂ ಒಂದೇ ಜಾಗವಾದರೆ ಮಕ್ಕಳಿಗೆ ಬೇಸರವಾದೀತು, ಸುಳ್ಯದ ಕಡೆ ಎರಡು ಜಾಗ ಇದೆಯಂತೆ, ಬರುವ ಆದಿತ್ಯವಾರ ನೋಡಿ ಬರೋಣ ಎಂದರು. ಆಗಲಿ, ಕುಂಞಿ ಮೋನುವನ್ನು ಕರೆದುಕೊಂಡು ಬರುತ್ತೇನೆ ಎಂದರು ಸಲಾಂ.

ಪಿಕಪ್ ಗುಡ್ಡೆ ಇಳಿದು ಡಾಮರು ರಸ್ತೆಗೆ ಬಂತು. ಸಲಾಮರ ಒಣಗಿದ ಅಂಗಿಯ ತೋಳಿನ ಮೇಲೆ ಕೆದಂಬಾಡಿಯ ನೀರಿನ ಬಿಳಿ ಚುಕ್ಕೆಗಳು ಎದ್ದಿದ್ದವು. ಅವರು ಅದನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿ, ಮಗಳ ಕಡೆ ತಿರುಗದೆಯೇ ಕೇಳಿದರು.

"ಸುಳ್ಯದ ಆ ಜಾಗಗಳು ಹೇಗೆ? ಅಲ್ಲಿಂದ ಟೆಂಟು ಎಂತ ಹೇಳ್ತದೆ?"

ಹುಟ್ಟಿದ ಮೇಲೆ ಉಪ್ಪ ತನ್ನನ್ನು ಕೆಲಸದ ವಿಷಯದಲ್ಲಿ ಕೇಳಿದ ಮೊದಲ ಪ್ರಶ್ನೆ ಇದು ಎಂದು ಸುಹಾನಾಳಿಗೆ ಅನಿಸಿತು. ಸುಳ್ಳು ಉತ್ತರ ಕೊಟ್ಟು ಅದನ್ನು ಹಾಳು ಮಾಡಲು ಮನಸ್ಸಾಗಲಿಲ್ಲ.

"ಅಲ್ಲಿಗೆ ನಮ್ಮ ಟೆಂಟು ಹೋಗಿಯೇ ಇಲ್ಲ, ಉಪ್ಪ. ನೋಡದೆ ನಾನು ಎಂತ ಹೇಳುದು?"

ಸಲಾಂ ಹೂಂ ಎಂದರು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟರು. ಬಸ್ಸು ಎಬ್ಬಿಸಿದ ಧೂಳು ಅಡಗುವವರೆಗೆ ಸುಹಾನಾ ಕಾದಳು.

"ಬರುವ ಆದಿತ್ಯವಾರ ಸುಳ್ಯಕ್ಕೆ ನನ್ನನ್ನು ಕರ್ಕೊಂಡು ಹೋಗಿ."

"ಹಾಗಾದ್ರೆ ಕುಂಞಿ ಮೋನುವಿಗೆ ಬರುದು ಬೇಡ ಅಂತ ಹೇಳ್ತೇನೆ" ಎನ್ನುತ್ತಾ ಸಲಾಂ ಗೇರು ಬದಲಿಸಿದರು. ಪಿಕಪ್ ಏರು ಹತ್ತತೊಡಗಿತು.