ಕೈ ಎತ್ತದವನು

"ಇಲ್ಲ, ತಾಗಲಿಲ್ಲ," ಅಂದುಬಿಟ್ಟಿದ್ದ. ಮಿಲ್ಲಿನಲ್ಲಿ ದಿನವೂ ಕೇಳುವ ಧ್ವನಿ ಅದು. ನೇಯ್ಗೆಯವರು ಇದೇ ರಾಗದಲ್ಲಿ ಹೇಳುತ್ತಾರೆ: ಇಲ್ಲ ಸಾರ್, ಎಳೆ ತಪ್ಪಿಲ್ಲ. ಇವನು ಬಟ್ಟೆಯ ಥಾನಿನ ಮೇಲೆ ಬೆರಳಿಟ್ಟು ತಪ್ಪಿದ ಜಾಗ ತೋರಿಸುತ್ತಾನೆ. ಅವರು ತಲೆ ತಗ್ಗಿಸುತ್ತಾರೆ.

ಇಲ್ಲಿ ಬೆರಳಿಟ್ಟು ತೋರಿಸುವವರು ಯಾರೂ ಇರಲಿಲ್ಲ.

ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯ ಹಾಲ್. ಎದುರಿಗೆ ಇವನ ಹೆಂಡತಿಯ ತಮ್ಮ ಆಟದ ಬಂದೂಕನ್ನು ನೆಲಕ್ಕೆ ಇಳಿಬಿಟ್ಟು ನಿಂತಿದ್ದ. ಲಿಫ್ಟ್ ರಿಪೇರಿಯವನು, ಆರು ವರ್ಷದಿಂದ ಭಾನುವಾರ ತಪ್ಪಿಸದೆ ಇಲ್ಲಿ ಏರ್‌ಸಾಫ್ಟ್ ಎಂಬ ಬಂದೂಕಿನ ಆಟ ಆಡುತ್ತಾನೆ. ಇಬ್ಬರ ನಡುವೆ ಪೀಪಿ ಮೇಷ್ಟ್ರು. ನಿವೃತ್ತ ಡ್ರಿಲ್ ಮಾಸ್ತರು, ಆಟದ ತೀರ್ಪುಗಾರ. ಮಂಡಿ ಕೈಕೊಟ್ಟಿದ್ದರಿಂದ ಮುಂದಿನ ವಾರದಿಂದ ಪೀಪಿಯನ್ನು ಲಿಫ್ಟಿನವನ ಕೊರಳಿಗೆ ಹಾಕುವುದೆಂದು ಎಲ್ಲರೂ ಒಪ್ಪಿದ್ದರು. ಅವನು ಅದಕ್ಕೆಂದು ಹೊಸ ದಾರವನ್ನೂ ತಂದಿಟ್ಟುಕೊಂಡಿದ್ದ. ಒಂದು ಪೀಪಿಗೆ ಇಷ್ಟು ಸಂಭ್ರಮವೇ ಎಂದು ಇವನು ಮನಸ್ಸಿನಲ್ಲೇ ನಕ್ಕಿದ್ದ.

ಆಟದ ಗುಂಡೆಂದರೆ ಮೆಣಸಿನ ಕಾಳಿನಷ್ಟು ಪ್ಲಾಸ್ಟಿಕ್ ಮಣಿ. ಅಂಗಿಗೆ ಬಣ್ಣ ಹತ್ತುವುದಿಲ್ಲ. ತಾಗಿತೋ ಇಲ್ಲವೋ ತಾಗಿಸಿಕೊಂಡವನಿಗಷ್ಟೇ ಗೊತ್ತು. ಅವನೇ ಕೈ ಎತ್ತಿ "ತಾಗಿತು" ಅನ್ನಬೇಕು, ಜೇಬಿನ ಕೆಂಪು ಬಟ್ಟೆಯನ್ನು ತಲೆಗೆ ಹಾಕಿಕೊಂಡು ಸತ್ತವರ ಕೋಣೆಗೆ ನಡೆಯಬೇಕು. ಪೀಪಿ ಊದುವವರೆಗೆ ಅಲ್ಲಿ ಬೆಂಚಿನ ಮೇಲೆ ಕೂತಿರಬೇಕು. ಸತ್ತವರು ಮಾತಾಡಬಾರದು. ಇನ್ನು ಹೊಡೆದವನು "ನಿನಗೆ ತಾಗಿತು" ಎಂದು ಬಾಯಿಬಿಡುವಂತಿಲ್ಲ. ಅದು ಮೋಸದ ಆಪಾದನೆ. ಎದುರಿನವನು ಒಪ್ಪದಿದ್ದರೆ ಆಪಾದಿಸಿದವನೇ ಹೊರಗೆ. ಗೋಡೆಯ ಮೇಲೆ ಸುಣ್ಣದಲ್ಲಿ ಹಾಗೆಂದು ಬರೆದಿತ್ತು. ಬರೆದವನು ಲಿಫ್ಟಿನವನೇ.

ಅವನು ಆಪಾದಿಸಿರಲೇ ಇಲ್ಲ. ಹೊಸಬರಿಗೆ ಅಂಗಿಯ ಮೇಲೆ ಬಿದ್ದದ್ದು ಒಮ್ಮೊಮ್ಮೆ ಗೊತ್ತಾಗುವುದಿಲ್ಲವೆಂದು, ಮನೆಯವನೆಂಬ ಸಲಿಗೆಯಲ್ಲಿ, "ಭಾವ, ತಾಗಿತಲ್ಲ, ಗೊತ್ತಾಗ್ಲಿಲ್ವಾ?" ಅಂದಿದ್ದ. ಅದು ಮೇಷ್ಟ್ರ ಕಿವಿಗೆ ಬಿತ್ತು.

ಗೊತ್ತಾಗಿತ್ತು. ಬಲ ಹೆಗಲೆಲುಬಿನಿಂದ ಎರಡು ಬೆರಳು ಕೆಳಗೆ. ಮೊದಲ ಭಾನುವಾರ ಇದೇ ಹುಡುಗ ಇವನನ್ನು ಎಲ್ಲರಿಗೂ ಪರಿಚಯಿಸಿದ್ದ: "ನಮ್ ಭಾವ. ಬಟ್ಟೆ ಮಿಲ್ಲಲ್ಲಿ ಕ್ವಾಲಿಟಿ ನೋಡ್ತಾರೆ. ಕಣ್ಮುಚ್ಚಿ ಕೈಯಾಡಿಸಿದ್ರೂ ಸಾಕು, ಒಂದೆಳೆ ತಪ್ಪಿದ್ರೆ ಹೇಳ್ಬಿಡ್ತಾರೆ." ಆ ದಿನ ಇವನು ಎರಡು ನಿಮಿಷಕ್ಕೆ ಸತ್ತಿದ್ದ. ಮುಂದಿನ ವಾರ ಒಂದೂವರೆ ನಿಮಿಷಕ್ಕೆ. ಇವತ್ತು ಹಿಟ್ಟು ಕಲಸುವ ಯಂತ್ರದ ಹಿಂದೆ ಹನ್ನೊಂದು ನಿಮಿಷ ಬದುಕಿದ್ದ. ನಲವತ್ತಾರರ ಪ್ರಾಯದಲ್ಲಿ, ಎಷ್ಟೋ ಕಾಲದ ನಂತರ, ಎದೆ ಡವಗುಟ್ಟಿ ಖುಷಿಯಾಗಿತ್ತು. ಆಗ ಬೆನ್ನಿಗೆ ಚುರುಕ್ಕೆಂದಿತು. ಕೈ ಎತ್ತಬೇಕೆಂದುಕೊಂಡ. ಇನ್ನೊಂದು ಗಳಿಗೆ ಅಂದುಕೊಂಡ. ಆ ಗಳಿಗೆ ಕಳೆದ ಮೇಲೆ ಕೈ ಎತ್ತಿದ್ದರೆ, ಮೊದಲೇ ಯಾಕೆ ಎತ್ತಲಿಲ್ಲ ಎಂದು ಕೇಳುತ್ತಿದ್ದರು.

"ನಿಯಮ ನಿಂಗೊತ್ತಲ್ಲಪ್ಪ," ಅಂದರು ಮೇಷ್ಟ್ರು, ಲಿಫ್ಟಿನವನ ಮುಖ ನೋಡದೆ. "ಮೂರು ತಿಂಗಳು ಬರಬೇಡ. ಪೀಪಿ ವಿಷಯ... ಅದನ್ನ ಬಿಟ್ಬಿಡು."

"ಆಯ್ತು ಸಾರ್."

"ನೀವೇನಂತೀರಿ?" ಮೇಷ್ಟ್ರು ಇವನ ಕಡೆ ತಿರುಗಿದರು.

"ನಾನೇನು ಹೇಳ್ಲಿ," ಅಂದ. ಅದೂ ಇವನ ಬಾಯಿಂದಲೇ ಬಂತು. ಲಿಫ್ಟಿನವನು ಬಂದೂಕನ್ನು ಚೀಲಕ್ಕೆ ತುರುಕಿ ಸ್ಕೂಟರಿನ ಹತ್ತಿರ ಹೋಗಿ ನಿಂತ.

ಆಟ ಮುಂದುವರಿಯಿತು. ಇವನು ಯಂತ್ರದ ಹಿಂದೆ ಹೋಗಿ ಕೂತ. ಯಾರೂ ಇವನ ಕಡೆ ಗುಂಡು ಹಾರಿಸಲಿಲ್ಲ. ಒಬ್ಬೊಬ್ಬರೇ ಕೈ ಎತ್ತಿ, ಕೆಂಪು ಬಟ್ಟೆ ಹೊದ್ದು, ಎಷ್ಟು ಸಲೀಸಾಗಿ ಸತ್ತುಹೋದರು. ಕೊನೆಯ ಇಬ್ಬರು ಒಟ್ಟಿಗೇ ಒಬ್ಬರನ್ನೊಬ್ಬರು ಹೊಡೆದು ಹೋದ ಮೇಲೆ ಹಾಲಿನಲ್ಲಿ ಇವನೊಬ್ಬನೇ ಉಳಿದ. ಸತ್ತವರ ಕೋಣೆಯ ಬಾಗಿಲಲ್ಲಿ ಇಣುಕಿದರೆ ಎರಡು ಬೆಂಚಿನ ತುಂಬ ಕೆಂಪು ತಲೆಗಳು. ಒಬ್ಬರೂ ಮಾತಾಡುವಂತಿರಲಿಲ್ಲ, ಒಬ್ಬರ ಮುಖದಲ್ಲೂ ಬೇಜಾರಿರಲಿಲ್ಲ. ಒಬ್ಬ ಇನ್ನೊಬ್ಬನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದ. ಮೇಷ್ಟ್ರು ಪೀಪಿ ಊದಿದರು. ಚಪ್ಪಾಳೆ ಬಿತ್ತು, ಸಭ್ಯಸ್ಥರ ಚಪ್ಪಾಳೆ.

ವಾಪಸು ಬರುವಾಗ ಸ್ಕೂಟರಿನಲ್ಲಿ ಹಿಂದೆ ಕೂತ. ಬೇರೆ ದಾರಿಯಿರಲಿಲ್ಲ, ಬಂದದ್ದೂ ಹಾಗೆಯೇ.

ಸಿಗ್ನಲ್ಲಿನಲ್ಲಿ ಲಿಫ್ಟಿನವನು ತಿರುಗದೆ ಹೇಳಿದ: "ನಂಗೇ ಸರಿಯಾಗಿ ಕಾಣ್ಲಿಲ್ಲ ಅನ್ಸತ್ತೆ ಭಾವ."

ಈಗ ಹೇಳಬಹುದಿತ್ತು. ಸ್ಕೂಟರ್ ತಿರುಗಿಸು ಅಂದರೆ ಹತ್ತು ನಿಮಿಷ; ಮೇಷ್ಟ್ರು ಇನ್ನೂ ಬಾಗಿಲಿಗೆ ಬೀಗ ಹಾಕಿರಲಿಕ್ಕಿಲ್ಲ.

"ಕಿಟಕಿಯಿಂದ ಬಿಸಿಲು ಬೀಳ್ತಿತ್ತಲ್ಲ," ಅಂದ. "ಕಣ್ಣಿಗೆ ಹೊಡೆದಿರತ್ತೆ."

"ಇರಬೇಕು."

ಹಸಿರು ದೀಪ ಬಂತು.

ಮನೆಯಲ್ಲಿ ಕೋಣೆಗೆ ಹೋಗಿ ಅಂಗಿ ಬಿಚ್ಚಿದ. ಟವೆಲ್ ಕೊಡಲು ಬಂದ ಹೆಂಡತಿ ಬೆನ್ನ ಹಿಂದೆಯೇ ನಿಂತುಬಿಟ್ಟಳು.

"ಇದೇನ್ರೀ ಇದು, ದುಂಡಗೆ ಕೆಂಪಗೆ ಎದ್ದಿದೆ?"

ಪಕ್ಕದ ಅಡುಗೆಮನೆಯಲ್ಲಿ ಅವಳ ತಮ್ಮ ನೀರು ಕುಡಿಯುತ್ತಿದ್ದ. ಗಟಗಟ ಸದ್ದು ನಿಂತಿತು.

"ಎಲ್ಲೋ ಒರಗಿದ್ದೆ."

"ಒರಗಿದ್ರೆ ಹೀಗಾಗತ್ತಾ? ಅಳೆದು ಹಾಕಿದ ಹಾಗಿದೆ." ಅವಳು ಬೆರಳಿಟ್ಟಳು. ಸರಿಯಾಗಿ ಆ ಜಾಗಕ್ಕೇ.

"ಅಕ್ಕ, ಆ ಕಾರ್ಖಾನೆ ತುಂಬ ಹಳೇ ಬೋಲ್ಟು," ಅಡುಗೆಮನೆಯಿಂದ ಧ್ವನಿ ಬಂತು. "ಎಲ್ಲಿ ಒರಗಿದ್ರೂ ಚುಚ್ಚತ್ತೆ." ಲೋಟ ಕೆಳಗಿಟ್ಟು, "ಎಣ್ಣೆ ಹಚ್ಚು, ಹೋಗತ್ತೆ," ಅಂದ.

ಬೈದಿದ್ದರೆ ಚೆನ್ನಾಗಿತ್ತು. ಇವನು ಟವೆಲ್ ಕಸಿದುಕೊಂಡು ಬಚ್ಚಲಿಗೆ ಹೋದ.

"ಆ ಕೆಂಪು ಬಟ್ಟೆ ಒಗೆಯೋಕೆ ಹಾಕಿ," ಹೆಂಡತಿ ಹೊರಗಿನಿಂದ ಕೂಗಿದಳು.

ಅದು ಪ್ಯಾಂಟಿನ ಜೇಬಿನಲ್ಲೇ ಇತ್ತು, ಬೆಳಿಗ್ಗೆ ಅವಳು ಇಸ್ತ್ರಿ ಮಾಡಿ ಮಡಿಸಿಕೊಟ್ಟ ಹಾಗೆಯೇ. ಮಡಿಕೆ ಕೂಡ ಮುರಿದಿರಲಿಲ್ಲ. ಅಭ್ಯಾಸಬಲದಿಂದ ಅಂಚಿನ ಮೇಲೆ ಬೆರಳಾಡಿಸಿದ. ಎಲ್ಲೂ ಎಳೆ ತಪ್ಪಿರಲಿಲ್ಲ. ಬಿಡಿಸಿ ತಲೆಗೆ ಹಾಕಿಕೊಂಡ. ಬಕೆಟ್ ಬೋರಲು ಹಾಕಿ ಅದರ ಮೇಲೆ, ಮಂಡಿಗಳನ್ನು ಕೂಡಿಸಿ, ಗೋಡೆಗೆ ಮುಖಮಾಡಿ ಕೂತ. ಬಲಗೈಯನ್ನು ತಲೆಯಿಂದಾಚೆ ಎತ್ತಿದ. ಅಷ್ಟೆತ್ತರಕ್ಕೆ ಎತ್ತಿದರೆ ಗಾಯ ಎಳೆಯುತ್ತಿತ್ತು.

ಹೊರಗೆ ತಟ್ಟೆ ಇಡುವ ಸದ್ದು. ಅಕ್ಕ ತಮ್ಮ ಏನೋ ಮಾತಾಡಿ ನಕ್ಕರು.

"ಏನ್ಮಾಡ್ತಿದೀರಿ ಒಳಗೆ? ನೀರಿನ ಸದ್ದೇ ಇಲ್ಲ." ಅವಳು ಬಾಗಿಲು ತಟ್ಟಿದಳು.

ಸತ್ತವರು ಮಾತಾಡಬಾರದು. ಇವನು ಉಸಿರು ಬಿಗಿಹಿಡಿದ.

"ರೀ."

"ಬಿಡಕ್ಕ," ಅಂದ ಅವಳ ತಮ್ಮ. "ಬರ್ತಾರೆ."

ಇವನು ಎತ್ತಿದ ಕೈಯನ್ನು ಇಳಿಸದೆ, ಪೀಪಿಗಾಗಿ ಕಾಯುತ್ತ ಕೂತೇ ಇದ್ದ.