ಪಾಲಿಗೆ ಕೊಟ್ಟ ಮೇಕೆ

ನಮ್ಮ ಶಾಲೆಯಲ್ಲಿ ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ವರ್ಷದ ಕೊನೆಯಲ್ಲಿ ಕೆಂಪು ರಿಬ್ಬನ್ ಚುಚ್ಚುತ್ತೇವೆ. ಈ ಸಲ ನ್ಯಾಯವಾಗಿ ಅದನ್ನು ಒಂದು ಮೇಕೆಯ ಕೊರಳಿಗೆ ಕಟ್ಟಬೇಕಿತ್ತು. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ನನ್ನ ಐದನೇ ತರಗತಿಗೆ ಅದರಷ್ಟು ಸರಿಯಾಗಿ ಬಂದವರು ಬೇರೆ ಯಾರೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೇಕೆಯ ಹೆಸರು ಸೆನ್ಯೋರಾ. ಹಳೇ ಜಮೀನ್ದಾರರ ಹೆಂಡತಿಯರ ಹಾಗೆ ಕತ್ತೆತ್ತಿಕೊಂಡು ನಡೆಯುತ್ತದೆ ಎಂದು ನನ್ನ ಅಮ್ಮ ಇಟ್ಟ ಹೆಸರು. ಮೇಕೆ ಅಮ್ಮನದು, ಸಾಕುತ್ತಿದ್ದವಳು ನನ್ನ ವಿದ್ಯಾರ್ಥಿನಿ ರಿಸಾಲಿನ್. ನಮ್ಮ ದ್ವೀಪದಲ್ಲಿ ಮೇಕೆ ಇದ್ದವರು ಇಲ್ಲದವರಿಗೆ ಪಾಲಿಗೆ ಕೊಡುತ್ತಾರೆ. ಮೊದಲ ಸೂಲಿನ ಮರಿ ಒಡೆಯರಿಗೆ, ಎರಡನೆಯ ಸೂಲಿನದು ಸಾಕಿದವರಿಗೆ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೂ ಮಾತು ಮುರಿದವರನ್ನು ನಾನು ಕಂಡಿಲ್ಲ.

ಹಾಗೆ ಪಾಲಿಗೆ ಪಡೆದವನು ರಿಸಾಲಿನ್‌ಳ ಅಜ್ಜ, ಲೋಲೊ ಇಂಗೊ. ಅಮ್ಮ ಅವನಿಗೆ ಕೊಟ್ಟಿದ್ದ ಮೊದಲ ಮೇಕೆಯನ್ನು ರಸ್ತೆ ಪಕ್ಕ ಕಟ್ಟಿದ್ದಾಗ ನಾಯಿಗಳು ಕಚ್ಚಿ ಕೊಂದವು. ಮುದುಕ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ನಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. ಅಮ್ಮ ಸೆನ್ಯೋರಾಳ ಹಗ್ಗವನ್ನು ಅವನ ಕೈಗಿಟ್ಟಳು. ಆಮೇಲೆ ಅವನ ಮೊಣಕಾಲು ಕೈಕೊಟ್ಟವು. ಮೇಕೆ ಕಾಯುವುದು ಮೊಮ್ಮಗಳ ಪಾಲಿಗೆ ಬಂತು. ಇನ್ನೊಮ್ಮೆ ನಾಯಿಗಳ ಬಾಯಿಗೆ ಹೋಗಬಾರದೆಂದು ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಶಾಲೆಯ ಗಂಟೆ ಹೊಡೆಯುವಾಗ ಅವಳು ಗುಡ್ಡದ ಮೇಲಿರುತ್ತಿದ್ದಳು.

ಅವಳ ಅಕ್ಕಂದಿರಿಬ್ಬರೂ ನನ್ನ ತರಗತಿಯಲ್ಲೇ ಇದ್ದವರು. ಇಬ್ಬರೂ ಕ್ರಿಸ್ಮಸ್ ರಜೆಗೆಂದು ಹೋದವರು ತಿರುಗಿ ಬರಲಿಲ್ಲ. ಒಬ್ಬಳು ಈಗ ಬಂದರಿನಲ್ಲಿ ಮೀನು ಮಾರುತ್ತಾಳೆ, ಇನ್ನೊಬ್ಬಳು ಮನಿಲಾದಲ್ಲಿ ಯಾರದೋ ಮಗುವನ್ನು ಎತ್ತಿ ಆಡಿಸುತ್ತಾಳೆ. ಐದನೇ ತರಗತಿ ಎಂದರೆ ಓದು ನಿಲ್ಲಿಸುವ ಜಾಗ ಎಂದು ಆ ಮನೆಯಲ್ಲಿ ತೀರ್ಮಾನವಾದಂತಿತ್ತು. ಮೂರನೆಯವಳನ್ನೂ ಹಾಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಜೂನ್, ಜುಲೈ ಹೋಯಿತು. ವಾರಕ್ಕೆ ಎರಡು ದಿನ ಬಂದರೆ ಅದೇ ಹೆಚ್ಚು. ನಾನು ಮನೆಯಲ್ಲಿ ಜಗಳ ತೆಗೆದೆ. ಅಮ್ಮ ಜಗಲಿಯಲ್ಲಿ ಕೂತು ಒಣಮೀನಿನ ತಲೆ ಮುರಿಯುತ್ತಿದ್ದಳು. ನಮ್ಮಲ್ಲಿ ಅಮ್ಮನಿಗೆ ನಾನಾಯ್, ಮಗಳಿಗೆ ಇಂದಾಯ್ ಎನ್ನುತ್ತಾರೆ.

"ನಾನಾಯ್, ಆ ಮೇಕೇನ ವಾಪಸ್ ತಗೊಂಡ್ಬಾ. ಹುಡುಗಿ ಫೇಲಾಗ್ತಾಳೆ."

"ವಾಪಸ್ ತಂದ್ರೆ ಅವಳಿಗೆ ಮರಿ ಎಲ್ಲಿಂದ ಬರತ್ತೆ, ಇಂದಾಯ್? ನಿನ್ನ ಮಾರ್ಕ್ಸ್ ಕಾರ್ಡು ಈಯತ್ತಾ?"

"ಹಾಗಾದ್ರೆ ಹಗಲು ಹೊತ್ತು ನೀನೇ ಮೇಯಿಸು. ಸುಮ್ನೆ ಕೂತಿರ್ತೀಯಲ್ಲ."

"ನಾನು ಹಗ್ಗ ಹಿಡಿದ್ರೆ ಅದು ಪಾಲು ಹೇಗಾಗತ್ತೆ? ಒಡತೀನೇ ಮೇಯಿಸಿದ ಮೇಲೆ ಸಾಕಿದವಳಿಗೆ ಏನು ಸಿಗತ್ತೆ, ಮಣ್ಣು? ಅಷ್ಟೂ ಗೊತ್ತಿಲ್ಲ, ಊರಿಗೆಲ್ಲ ಪಾಠ ಹೇಳ್ತಾಳೆ."

ಮೈಯೆಲ್ಲ ಉರಿಯಿತು. ಆದರೆ ಅಮ್ಮನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಆಗಸ್ಟ್ ಕೊನೆಯಲ್ಲಿ ನಾನೇ ಗುಡ್ಡ ಹತ್ತಿದೆ. ಅರ್ಧ ದಾರಿಯಲ್ಲಿ ನನ್ನ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಮೇಲೆ ಹೋದರೆ ರಿಸಾಲಿನ್ ಬಾಳೆಲೆ ತಲೆಗೆ ಹಿಡಿದುಕೊಂಡು ಕೂತಿದ್ದಾಳೆ, ಪಕ್ಕದಲ್ಲಿ ಸೆನ್ಯೋರಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದೆ.

"ನಾಳೆ ಶಾಲೆಗೆ ಬರ್ತೀಯೋ ಇಲ್ವೋ?"

"ಸೆನ್ಯೋರಾನ ಯಾರು ನೋಡ್ಕೋತಾರೆ, ಮ್ಯಾಮ್?"

"ಅದನ್ನೂ ಕರ್ಕೊಂಡು ಬಾ. ಬೆಂಚಿನ ಮೇಲೆ ಕೂರಿಸಿ ಭಾಗಾಕಾರ ಹೇಳ್ಕೊಡ್ತೀನಿ."

ಸಿಟ್ಟಿನಲ್ಲಿ ಆಡಿದ ಮಾತು ಅದು. ಒಂದು ಕಾಲಿಗೆ ಚಪ್ಪಲಿ ಇಲ್ಲದವಳು ಇನ್ನೇನು ಆಡಿಯಾಳು? ಆದರೆ ನಮ್ಮೂರಲ್ಲಿ ಮ್ಯಾಮ್ ಹೇಳಿದರೆಂದರೆ ಮುಗಿಯಿತು. ಮರುದಿನ ಬೆಳಿಗ್ಗೆ ರಿಸಾಲಿನ್ ಮುಖ ತೊಳೆದು, ಯೂನಿಫಾರಂ ಹಾಕಿಕೊಂಡು, ಮೇಕೆಯ ಜೊತೆ ಬಾಗಿಲಲ್ಲಿ ನಿಂತಿದ್ದಳು. ಇಡೀ ತರಗತಿ ಎದ್ದು ನಿಂತು ಒಕ್ಕೊರಲಿನಿಂದ ಹಾಡಿತು: "ಗುಡ್ ಮಾರ್ನಿಂಗ್, ಸೆನ್ಯೋರಾ. ನಿಮ್ಮನ್ನು ಕಂಡು ಸಂತೋಷವಾಯಿತು." ನನಗೆ ಇಷ್ಟು ಶ್ರದ್ಧೆಯಿಂದ ಅವರು ಯಾವತ್ತೂ ನಮಸ್ಕಾರ ಹೇಳಿದವರಲ್ಲ.

ವಾಪಸ್ ಕಳಿಸಲು ಬಾಯಿ ಬರಲಿಲ್ಲ. ಹುಡುಗಿ ಬಂದಿದ್ದಳಲ್ಲ. ಮೇಕೆಯನ್ನು ಅಂಗಳದ ಮೂಲೆಯಲ್ಲಿ ಕಟ್ಟಿಸಿದೆ. ಹತ್ತು ಗಂಟೆಗೆಲ್ಲ ಅದು ಹಗ್ಗ ಕಡಿದು ಶಾಲೆಯ ಕೈತೋಟಕ್ಕೆ ನುಗ್ಗಿತು. ಶಾಲೆಗಳ ನಡುವಿನ ಸ್ಪರ್ಧೆಗೆಂದು ಮುಖ್ಯೋಪಾಧ್ಯಾಯ ಸರ್ ಎಲ್ಪಿಡಿಯೊ ಮಗುವಿನ ಹಾಗೆ ಬೆಳೆಸಿದ್ದ ಪೆಚಾಯ್ ಸೊಪ್ಪಿನ ಮಡಿಗಳಲ್ಲಿ ಬುಡ ಮಾತ್ರ ಉಳಿಯಿತು.

"ಮ್ಯಾಮ್ ಅಬಾಯೊನ್," ಎಂದರು ಸರ್, ಸ್ವರ ತಗ್ಗಿಸಿ. ಅವರಿಗೆ ಸಿಟ್ಟು ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ. "ಇದು ಯಾರ ಮೇಕೆ?"

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ನನ್ನ ಮಕ್ಕಳೆಲ್ಲ ಒಟ್ಟಿಗೆ ಉತ್ತರಿಸಿದರು. "ಮ್ಯಾಮ್ ಅವರ ಅಮ್ಮಂದು, ಸರ್."

ಶಾಲೆಯ ಬೇಲಿಯೊಳಗೆ ಇನ್ನು ಮೇಕೆಯ ಬಾಲವೂ ಕಾಣಿಸಬಾರದು ಎಂದು ಅಪ್ಪಣೆಯಾಯಿತು. ಮರುದಿನ ಮೇಕೆಯೂ ಇಲ್ಲ, ರಿಸಾಲಿನ್ ಕೂಡ ಇಲ್ಲ. ತಲೆಯ ಮೇಲೆ ಕೈ ಹೊತ್ತು ಕೂತೆ.

ಆದರೆ ಅದರ ಮರುದಿನ ಅವಳು ಒಬ್ಬಳೇ ಬಂದಳು. ಆ ವಾರ ಪೂರ್ತಿ ಬಂದಳು, ಮುಂದಿನ ವಾರವೂ ಬಂದಳು. ಭಿನ್ನರಾಶಿಯನ್ನು ಎಲ್ಲರಿಗಿಂತ ಬೇಗ ಹಿಡಿದಳು. ಲೋಲೊ ಇಂಗೊನ ಮೊಣಕಾಲು ಸರಿಹೋಗಿರಬೇಕೆಂದು ನಾನು ಸಂತೋಷಪಟ್ಟೆ. ಶಿಕ್ಷಕರ ಕೋಣೆಯಲ್ಲಿ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಗುಡ್ಡ ಹತ್ತಿದ್ದು ಸಾರ್ಥಕವಾಯಿತು, ಮಕ್ಕಳ ಮನಸ್ಸಿಗೆ ಮುಟ್ಟುವ ಹಾಗೆ ಹೇಳಲು ಬರಬೇಕು, ಇತ್ಯಾದಿ.

ಆಮೇಲೆ ನೆಲ ಕಣ್ಣಿಗೆ ಬಿತ್ತು. ನಮ್ಮ ತರಗತಿಯಲ್ಲಿ ದಿನಕ್ಕೊಂದು ಗುಂಪು ಬೇಗ ಬಂದು ಗುಡಿಸಿ, ಕೆಂಪು ಮೇಣ ಹಚ್ಚಿ, ತೆಂಗಿನಕಾಯಿಯ ಸಿಪ್ಪೆಯ ಮೇಲೆ ಕಾಲಿಟ್ಟು ಉಜ್ಜಬೇಕು. ಮುಖ ಕಾಣುವ ಹಾಗೆ ಹೊಳೆಯಬೇಕಾದ ನೆಲದ ಮೇಲೆ ಮಣ್ಣು ಕೂತಿತ್ತು. ಅದೂ ಅಲ್ಲದೆ, ಹೊರಗೆ ಹೋಗಿ ಬರುತ್ತೇನೆಂದು ಕಿರುಬೆರಳು ತೋರಿಸಿ ಹೋದವರು ಗಂಟೆಗಟ್ಟಲೆ ಬರುತ್ತಿರಲಿಲ್ಲ. ಒಬ್ಬ ಬಂದರೆ ಇನ್ನೊಬ್ಬ ಹೊರಡುತ್ತಿದ್ದ. ತರಗತಿಯ ಅಧ್ಯಕ್ಷ ಡೆನ್ವರ್‌ನನ್ನು ನಿಲ್ಲಿಸಿದೆ. ಸುಳ್ಳು ಹೇಳಲು ಬಾರದ ವಾಚಾಳಿ ಅವನು.

"ಇವತ್ತಿನ ಗುಂಪಿನವರು ಎಲ್ಲಿ?"

"ಡ್ಯೂಟೀಲಿದ್ದಾರೆ, ಮ್ಯಾಮ್."

"ಯಾವ ಡ್ಯೂಟಿ? ನೆಲ ನೋಡು, ಬದನೆಕಾಯಿ ಬೆಳೀಬಹುದು."

"ಸೆನ್ಯೋರಾ ಡ್ಯೂಟಿ, ಮ್ಯಾಮ್. ಚರ್ಚಿನ ಹಿಂದೆ. ಮಂಗಳವಾರದವರು ಚೆನ್ನಾಗಿ ಮೇಯಿಸ್ತಾರೆ. ಗುರುವಾರದವರೇ ಸರಿ ಇಲ್ಲ, ಆಟ ಆಡ್ತಾರೆ."

"ಯಾರು ಮಾಡಿದ್ದು ಈ ವ್ಯವಸ್ಥೆ?"

"ನೀವೇ, ಮ್ಯಾಮ್."

"ನಾನಾ?"

"ಕ್ಲಾಸ್ ಅಂದ್ರೆ ಒಂದು ಮನೆ, ಒಬ್ರ ಕಷ್ಟ ಎಲ್ರ ಕಷ್ಟ ಅಂದ್ರಲ್ಲ. ಗೋಡೆ ಮೇಲೂ ಅಂಟಿಸಿದ್ದೀರಿ."

ತಿರುಗಿ ನೋಡಿದೆ. ಹೌದು, ಜೂನ್‌ನಲ್ಲಿ ಬಣ್ಣದ ಕಾಗದ ಕತ್ತರಿಸಿ ನಾನೇ ಅಂಟಿಸಿದ್ದೆ. ಪ್ರತಿವರ್ಷ ಅಂಟಿಸುತ್ತೇನೆ. ಯಾರಾದರೂ ಅದನ್ನು ಓದುತ್ತಾರೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಒಬ್ಬಳನ್ನು ಒಳಗೆ ತರಲು ಹೋಗಿ ಐವರನ್ನು ಹೊರಗೆ ಕಳೆದುಕೊಂಡಿದ್ದೆ. ಸಂಜೆ ಮನೆಗೆ ಹೋಗಿ ಚೀಲ ಎಸೆದೆ.

"ನಾನಾಯ್, ನಿನ್ನ ಒಂದು ಮೇಕೆಯಿಂದ ನನ್ನ ಇಡೀ ಕ್ಲಾಸ್ ದನಗಾಹಿ ಆಗಿದೆ. ಪಾಳಿ ಹಾಕ್ಕೊಂಡು ಕಾಯ್ತಿದ್ದಾವೆ, ಪಾಠ ಬಿಟ್ಟು."

ಅಮ್ಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾಳಿ ಹಾಕ್ಕೊಂಡಿದ್ದಾರಾ? ಯಾರೂ ಹೇಳದೆ?" ಎಂದಳು.

ಮರುದಿನ ಮೊದಲ ಪಾಠಕ್ಕೆ ಸೀಮೆಸುಣ್ಣ ಎತ್ತಿಕೊಂಡವಳು ಕಿಟಕಿಯಾಚೆ ನೋಡಿದೆ. ಬೇಲಿಯ ಹೊರಗೆ, ಕಾಡುಬಾದಾಮಿ ಮರದ ಕೆಳಗೆ, ಬಟ್ಟೆ ಒಗೆಯುವಾಗ ಕೂರುವ ಕುಳ್ಳ ಮಣೆಯ ಮೇಲೆ ಅಮ್ಮ ಕೊಡೆ ಬಿಚ್ಚಿಕೊಂಡು ಕೂತಿದ್ದಳು. ಮೂರು ಮಾರು ದೂರದಲ್ಲಿ ಮೇಕೆಯನ್ನು ಕಟ್ಟಲಾಗಿತ್ತು.

"ಇಲ್ಲೇನ್ ಮಾಡ್ತಿದ್ದೀಯ?"

"ಕೂತಿದ್ದೀನಿ. ರಸ್ತೆ ಪಕ್ಕ ಕೂರೋಕೂ ನಿಮ್ಮ ಸರ್ ಅಪ್ಪಣೆ ಬೇಕಾ?"

"ಮತ್ತೆ ಮೇಕೆ?"

"ಕಟ್ಟಿದ್ದು ರಿಸಾಲಿನ್, ಬಿಚ್ಚೋದೂ ಅವಳೇ. ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ನಾಯಿ ಬಂದ್ರೆ ಕೂಗ್ತೀನಿ, ಅಷ್ಟೇ. ಕೂಗೋದು ಸಾಕೋದಲ್ಲ."

ನನ್ನ ಮಕ್ಕಳೆಲ್ಲ ತರಗತಿಗೆ ವಾಪಸ್ ಬಂದರು, ನೆಲ ಮತ್ತೆ ಹೊಳೆಯಿತು, ನನ್ನ ನೆಮ್ಮದಿ ಮಾತ್ರ ಹೋಯಿತು. ಛೇದ ಅಂಶ ಎಂದು ನಾನು ಶುರುಮಾಡಿದರೆ ಹೊರಗಿನಿಂದ ಕೂಗು: "ರಿಸಾಲಿನ್, ನಿನ್ನ ಮೇಕೆ ಕಾಲಿಗೆ ಹಗ್ಗ ಸುತ್ಕೊಂಡಿದೆ." ಹುಡುಗಿ ಓಡಿಹೋಗಿ ಬಿಡಿಸಿ ಬರುವಳು. ಮತ್ತೆ ಛೇದ ಎನ್ನುವಷ್ಟರಲ್ಲಿ: "ಇಂದಾಯ್, ಆ ಕೊನೇ ಬೆಂಚಿನವನಿಗೆ ತಿಳಿದಿಲ್ಲ. ಇನ್ನೊಂದ್ಸಲ ಹೇಳು." ನೋಡಿದರೆ ನಿಜವಾಗಿಯೂ ಅವನಿಗೆ ತಿಳಿದಿರುತ್ತಿರಲಿಲ್ಲ. ಇತಿಹಾಸದ ಪಾಠವಂತೂ ಪೂರ್ತಿ ಕೈತಪ್ಪಿತು. "ಅದು ಹಾಗಲ್ಲ, ನಮ್ಮಜ್ಜಿ ಹೇಳಿದ್ದೇ ಬೇರೆ" ಎಂದು ಹೊರಗಿನಿಂದ ಕೇಳಿದ ಕೂಡಲೇ ಎಲ್ಲ ತಲೆಗಳೂ ಕಿಟಕಿಯ ಕಡೆ ತಿರುಗುತ್ತಿದ್ದವು. ಸುಮ್ಮನಿರು ಎಂದು ಎಷ್ಟು ಬೇಡಿದರೂ ಅಮ್ಮ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ವಿರಾಮದಲ್ಲಿ ಮಕ್ಕಳು ತಮ್ಮ ಅಕ್ಕಿ ಕಡುಬನ್ನು ಮುರಿದು "ಲೋಲಾ, ತಗೊಳ್ಳಿ" ಎಂದು ಸ್ವಂತ ಅಜ್ಜಿಯನ್ನು ಕರೆಯುವ ಹಾಗೆ ಕರೆದು ಬೇಲಿಯ ಸಂದಿಯಿಂದ ಅವಳಿಗೆ ಕೊಡುತ್ತಿದ್ದರು. ನನಗೆ ಯಾರೂ ಕೊಡಲಿಲ್ಲ.

ನವೆಂಬರ್ ಪರೀಕ್ಷೆಯ ದಿನ ಮಳೆ ಹುಯ್ಯಿತು. ನೆನೆದರೆ ಮೇಕೆಗೆ ಕೆಮ್ಮು ಹತ್ತಿ ಸಾಯುತ್ತದೆ. ಅಮ್ಮ ಕೂಗಿದಳು. ರಿಸಾಲಿನ್ ಪೆನ್ಸಿಲ್ ಕೆಳಗಿಟ್ಟು ಎದ್ದಳು. ಅರ್ಧ ಪ್ರಶ್ನೆಗಳು ಹಾಗೇ ಉಳಿದಿದ್ದವು.

"ಕೂತ್ಕೊಂಡು ಬರಿ," ಎಂದು ಗದರಿ ನಾನೇ ಹೊರಗೆ ಓಡಿದೆ. ಸೆನ್ಯೋರಾ ಒಂದು ಕಡೆ, ನಾನು ಒಂದು ಕಡೆ, ಹಗ್ಗ ನಡುವೆ. ಅಮ್ಮ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಒಂದು ಬೆರಳೂ ತಾಗಿಸಲಿಲ್ಲ.

"ಪಾಲು ಕೆಡಲ್ವಾ ನಾನು ಹಿಡಿದ್ರೆ?" ಎಂದು ಕೇಳಿದೆ, ಹಲ್ಲು ಕಚ್ಚಿಕೊಂಡು.

"ನೀನು ಒಡತಿ ಆಗೋದು ನಾನು ಸತ್ತ ಮೇಲೆ. ಎಳಿ, ಎಳಿ."

ಕ್ರಿಸ್ಮಸ್ ರಜೆ ಬಂತು. ಅಕ್ಕಂದಿರಿಬ್ಬರೂ ಹೋದದ್ದು ಇದೇ ಬಾಗಿಲಿನಿಂದ. ಜನವರಿಯಲ್ಲಿ ಶಾಲೆ ತೆರೆದ ಮೊದಲ ದಿನ ಗಂಟೆ ಹೊಡೆಯುವ ಮೊದಲೇ ಕಿಟಕಿಯಲ್ಲಿ ನಿಂತು ಕಾದೆ. ಒಬ್ಬೊಬ್ಬರೇ ಬಂದರು, ಅವಳಿಲ್ಲ. ಗಂಟೆ ಹೊಡೆಯಿತು. ಆಮೇಲೆ ರಸ್ತೆಯ ತಿರುವಿನಲ್ಲಿ ಮೊದಲು ಎರಡು ಕೊಂಬು ಕಂಡವು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ, ತಿರುಗಿದವಳೇ "ಇಷ್ಟು ಹೊತ್ತಾ ಬರೋದು?" ಎಂದು ರೇಗಿದೆ.

ಮಾರ್ಚ್‌ನಲ್ಲಿ, ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ, ಸೆನ್ಯೋರಾ ಬಾದಾಮಿ ಮರದ ಕೆಳಗೆ ಈಯಿತು. ಒಂದೇ ಮರಿ, ಹೆಣ್ಣು, ಬಿಳಿ ಮೈ, ಕಂದು ಕಿವಿ. ಇಡೀ ತರಗತಿ ಬೇಲಿ ಹಾರಿ ಸುತ್ತಲೂ ಕುಕ್ಕರಗಾಲಿನಲ್ಲಿ ಕೂತಿತು. ರಿಸಾಲಿನ್ ತನ್ನ ಯೂನಿಫಾರಂ ಲಂಗದಿಂದಲೇ ಮರಿಯನ್ನು ಒರೆಸಿದಳು. ಆಮೇಲೆ ಎಲ್ಲರೂ ಅಮ್ಮನ ಮುಖ ನೋಡಿದೆವು. ಇಷ್ಟು ತಿಂಗಳಾದ ಮೇಲೆ, ಇಷ್ಟೆಲ್ಲ ಆದ ಮೇಲೆ, ಏನು ಹೇಳುತ್ತಾಳೆಂದು ನನಗೆ ಅನುಮಾನವೇ ಇರಲಿಲ್ಲ.

ಅಮ್ಮ ಕೈ ಚಾಚಿದಳು. "ಕೊಡು. ಮೊದಲನೇದು ನಂದು."

"ಹೌದು, ಲೋಲಾ," ಎಂದು ರಿಸಾಲಿನ್ ಕೊಟ್ಟಳು.

ಅವತ್ತು ಮನೆಯಲ್ಲಿ ನಾನು ಅತ್ತೆ, ಸಿಟ್ಟಿಗೆ. "ಮನುಷ್ಯಳಾ ನೀನು? ಅವಳು ಪಾಸಾಗ್ತಾಳೆ ಗೊತ್ತಾ? ಒಂದು ಮರಿ ಆ ಮಗೂಗೆ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಮ್ಮ ಮರಿಯ ಕಿವಿ ಸವರುತ್ತಲೇ ಇದ್ದಳು. "ಬಿಟ್ಟಿದ್ರೆ ಅದು ಭಿಕ್ಷೆ. ಅದೂ ಅಲ್ದೆ, ಇವತ್ತೇ ಕೊಟ್ರೆ ಲೆಕ್ಕ ಮುಗೀತು, ಮರಿ ಹಿಡ್ಕೊಂಡು ಗುಡ್ಡಕ್ಕೆ ಹೋಗ್ತಾಳೆ. ಜೂನ್‌ನಲ್ಲಿ ನೀನು ಇನ್ನೊಂದು ಚಪ್ಪಲಿ ಕಳ್ಕೊಂಡು ಹತ್ತು. ಎರಡನೇ ಸೂಲು ಬರೋದು ಕ್ರಿಸ್ಮಸ್ ಹೊತ್ತಿಗೆ. ಅಲ್ಲಿವರೆಗೂ ಮೇಕೆ ಕಟ್ಟೋದು ಶಾಲೆ ಬೇಲಿಗೇ ಅಂತ ಅವಳ ಹತ್ರ ಮಾತು ತಗೊಂಡಿದ್ದೀನಿ."

ನಾನು ಮೂಗೊರೆಸಿಕೊಂಡೆ. "ಕ್ರಿಸ್ಮಸ್ ಆದ್ಮೇಲೆ?"

"ಆಮೇಲಿಂದು ನೀವು ಟೀಚರ್‌ಗಳು ನೋಡ್ಕೊಳ್ಳಿ. ಎಲ್ಲಾ ನಾನೇ ಮಾಡ್ಲಾ?"

ಜೂನ್ ಬಂತು. ಹೊಸ ಮಕ್ಕಳು ಬಂದರು. ಗೋಡೆಗೆ ಅದೇ ಬಣ್ಣದ ಕಾಗದದ ಮಾತು ಅಂಟಿಸಿದೆ, ಈ ಸಲ ಸ್ವಲ್ಪ ಹೆದರಿಕೊಂಡೇ. ನನ್ನ ಕಿಟಕಿಯ ಕೆಳಗೆ ಯಾರೂ ಇರಲಿಲ್ಲ. ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಯಾರ ಅಡ್ಡಿಯೂ ಇಲ್ಲದೆ ಮುಗಿಸಿದೆ, ಮುಗಿಸಿ ಕಿಟಕಿಯ ಕಡೆ ನೋಡಿದೆ.

ಅಷ್ಟರಲ್ಲಿ ಆರನೇ ತರಗತಿಯ ಮ್ಯಾಮ್ ಹೆರ್ಮಿನಿಯಾ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು.

"ಮ್ಯಾಮ್, ನಿಮ್ಮ ತಾಯಿ ಬೇಲಿ ಹೊರಗೆ ಕೂತ್ಕೊಂಡು ನನ್ನ ಪಾಠ ತಿದ್ತಿದ್ದಾರೆ. ಎಲ್ರ ಎದುರಿಗೆ. ಏನಾದ್ರೂ ಮಾಡಿ."

"ರಿಸಾಲಿನ್ ಬಂದಿದ್ದಾಳಾ?"

"ಬಂದಿದ್ದಾಳೆ. ಕಿಟಕಿ ಪಕ್ಕದ ಬೆಂಚಲ್ಲೇ ಕೂತಿದ್ದಾಳೆ."

"ಹಾಗಾದ್ರೆ ತಿದ್ದಿಸ್ಕೊಳ್ಳಿ," ಎಂದೆ.